ಗದ್ದೆ ನೀರಿನ ಬೈರಿಗೆ

ಮಳೆ ಹಿಡಿದ ಮೇಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಜ್ವರವೆಂದು ಬರುವವರ ಮಾತು ಹೆಚ್ಚುಕಡಿಮೆ ಒಂದೇ: "ಡಾಕ್ಟ್ರೇ, ನೀರಲ್ಲಿ ನಿಂತು ನಿಂತು ಮೈಕೈ ನೋವು." ನಾಟಿ ಮುಗಿಸಿ ಬಂದ ಒಬ್ಬರ ಈ ಮಾತನ್ನು ನಾನೂ ನಂಬಿ ಜ್ವರದ ಮಾತ್ರೆ ಕೊಟ್ಟು ಕಳಿಸಿದ್ದೆ. ನಾಲ್ಕನೇ ದಿನ ಮರಳಿ ಬಂದಾಗ ಕಣ್ಣು ಕೆಂಪು, ಮೀನಖಂಡ ಮುಟ್ಟಗೊಡರು, ಮೂತ್ರ ಕಡಿಮೆ. ಇಲಿ ಜ್ವರ! ಡಯಾಲಿಸಿಸ್ ಆಗಿ ಬದುಕಿಕೊಂಡರು.

ಇದನ್ನು ತರುವುದು ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ. ಇಲಿ, ಹೆಗ್ಗಣಗಳ ಮೂತ್ರದೊಂದಿಗೆ (ದನ, ನಾಯಿಗಳದ್ದೂ ಆಗಬಹುದು) ಗದ್ದೆಯ ಕೆಸರಿಗೆ, ಅಡಿಕೆ ತೋಟದ ಬಸಿಗಾಲುವೆಗೆ ಸೇರಿ ವಾರಗಟ್ಟಲೆ ಬದುಕಿರುತ್ತದೆ. ಕಾಲಿನ ಬಿರುಕು, ತರಚು ಗಾಯಗಳೇ ಅದಕ್ಕೆ ಬಾಗಿಲು.

ಇದರ ಈಜು ಸ್ವಾರಸ್ಯವಾದದ್ದು. ದಪ್ಪ, ಮಿಲಿಮೀಟರಿನ 10,000ದಲ್ಲಿ ಒಂದು ಪಾಲು. ಇಷ್ಟು ಸಣ್ಣ ಜೀವಿಗೆ ನೀರೆಂದರೆ ನಮಗೆ ಜೋನಿ ಬೆಲ್ಲವಿದ್ದ ಹಾಗೆ. ತುಂಗೆಯಲ್ಲಿ ಈಜುವವರು ಕೈ ಬೀಸುವುದನ್ನು ನಿಲ್ಲಿಸಿದರೂ ತುಸು ದೂರ ಜಾರುತ್ತಾರೆ. ಬ್ಯಾಕ್ಟೀರಿಯಾ ಒಂದು ಪರಮಾಣುವಿನ ಅಗಲ ದಾಟುವ ಮೊದಲೇ ನಿಂತುಬಿಡುತ್ತದೆ. ಬಾಲವನ್ನು ಬಂದ ದಾರಿಯಲ್ಲೇ ಹಿಂದೆ ಮುಂದೆ ಆಡಿಸಿದರೆ ಮುಂದೆ ಹೋದಷ್ಟೇ ಹಿಂದಕ್ಕೆ. ಅಮೆರಿಕದ ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1977ರಲ್ಲಿ ಪ್ರಕಟವಾದ ಉಪನ್ಯಾಸದಲ್ಲಿ ಇದನ್ನು ಸೊಗಸಾಗಿ ವಿವರಿಸಿದ್ದಾರೆ. ಲೆಪ್ಟೋಸ್ಪೈರಾದ ಉಪಾಯ ಬಡಗಿಯ ಬೈರಿಗೆಯದು. ಸುರುಳಿ ಮೈ; ಎರಡು ತುದಿಯಲ್ಲೂ ಹೊರಪೊರೆಯ ಒಳಗೇ ಅಡಗಿದ ಒಂದೊಂದು ಎಳೆ. ಅವು ತಿರುಗಿದರೆ ಇಡೀ ದೇಹ ತಿರುಗಿ ಕೊರೆಯುತ್ತಾ ಸಾಗುತ್ತದೆ. ದ್ರವ ಅಂಟಂಟಾದರೆ ಇದರ ವೇಗ ಹೆಚ್ಚುತ್ತದೆಂದು 1975ರಲ್ಲೇ ವರದಿಯಾಗಿದೆ. ನಮ್ಮ ಅಂಗಾಂಶದೊಳಗೆ ನುಗ್ಗುವುದಕ್ಕೆ ಇದಕ್ಕಿಂತ ಅನುಕೂಲ ಬೇಕೆ?

ಊಟಕ್ಕಾಗಿ ಮಾತ್ರ ಅದು ಓಡಾಡಬೇಕಿಲ್ಲ. ಸುತ್ತಲಿನ ಕೊಬ್ಬಿನಾಮ್ಲದ ಅಣುಗಳು ತಾವಾಗಿ ಹರಡಿ ಮೈಗೆ ತಾಗುತ್ತವೆ. ಈಜುವುದು ಊಟ ಹೆಚ್ಚಿರುವ ಜಾಗ ಹುಡುಕಲು. ರೋಗ ತರುವ ತಳಿಗಳು ಹಿಮೋಗ್ಲೋಬಿನ್ನಿನತ್ತ ಸರಿಯುವುದನ್ನು 1993ರಲ್ಲಿ ಪ್ರಯೋಗಾಲಯದಲ್ಲಿ ಕಂಡಿದ್ದಾರೆ.

ನಮ್ಮಲ್ಲಿ ಜ್ವರವೆಂದರೆ ಮಂಗನ ಕಾಯಿಲೆಯ ಹೆದರಿಕೆ. ಅದು ಉಣ್ಣೆಯಿಂದ ಬರುವ ವೈರಸ್, ಹೆಚ್ಚಾಗಿ ಒಣ ತಿಂಗಳುಗಳದ್ದು. ಮಳೆಗಾಲದ ಜ್ವರದ ಜೊತೆ ಮೀನಖಂಡದ ನೋವು, ಕಣ್ಣು ಕೆಂಪು ಇದ್ದರೆ ಇಲಿ ಜ್ವರವನ್ನು ಮೊದಲು ನೆನೆಯಬೇಕು. ಮೊದಲ ವಾರ ರಕ್ತಪರೀಕ್ಷೆಯಲ್ಲಿ ಕಾಣದೆಯೂ ಇರಬಹುದು. ವೈದ್ಯರಿಗೆ ಅನುಮಾನವಿದ್ದರೆ ಡಾಕ್ಸಿಸೈಕ್ಲಿನ್ ಅಥವಾ ಪೆನ್ಸಿಲಿನ್ ಆಗಲೇ ಶುರುವಾಗಬೇಕು. ಗದ್ದೆಗೆ ಇಳಿದಿದ್ದೆನೆಂದು ನೀವೇ ಬಾಯಿಬಿಟ್ಟು ಹೇಳಿ.

ನಾಟಿಯ ಕೆಸರಿನಲ್ಲಿ ಗಂಬೂಟು ಹೂತುಹೋಗುತ್ತದೆ, ಗೊತ್ತು. ಬಸಿಗಾಲುವೆ ಕೆಲಸಕ್ಕಾದರೂ ಹಾಕಿಕೊಳ್ಳಿ. ಗಾಯವಿದ್ದವರು ಅದು ಒಣಗುವ ತನಕ ನಾಟಿ ಬಿಟ್ಟು ಬೇರೆ ಕೆಲಸ ನೋಡಿಕೊಳ್ಳಿ.