ಪುಡಿ ಮಾಡಬಾರದ ಮಾತ್ರೆ, ಮರೆಯಬಾರದ ಹೃದಯ

ಏಳು ವರ್ಷದ ಹುಡುಗನೊಬ್ಬನನ್ನು ಅವನ ತಾಯಿ ನನ್ನ ಬಳಿ ಕರೆತಂದಿದ್ದರು. ಮೂರ್ಛೆರೋಗಕ್ಕೆ ತಜ್ಞರು ಬರೆದುಕೊಟ್ಟ ಕಾರ್ಬಮಜಪೀನ್ ಮಾತ್ರೆಯನ್ನು ಆಕೆ ಒಂದು ಹೊತ್ತೂ ತಪ್ಪಿಸಿರಲಿಲ್ಲ. ಆದರೂ ಸಂಜೆ ಮಾತ್ರೆ ಕೊಟ್ಟ ಎರಡು ಮೂರು ಗಂಟೆಗಳಲ್ಲಿ ಹುಡುಗ ‘ಎಲ್ಲ ಎರಡೆರಡಾಗಿ ಕಾಣುತ್ತೆ’ ಎಂದು ತೂರಾಡುತ್ತಿದ್ದ. ಬೆಳಗಿನ ಜಾವಕ್ಕೆ ಫಿಟ್ಸ್ ಬರುತ್ತಿತ್ತು. ಮಾತ್ರೆಯನ್ನು ಹೇಗೆ ಕೊಡುತ್ತೀರಿ ಎಂದು ಕೇಳಿದೆ. ‘ಇವನು ನುಂಗಲ್ಲ ಡಾಕ್ಟ್ರೇ, ನುಣ್ಣಗೆ ಅರೆದು ಜೇನುತುಪ್ಪದಲ್ಲಿ ನೆಕ್ಕಿಸ್ತೀನಿ’ ಎಂದರು.

ತೊಂದರೆ ಇದ್ದದ್ದು ಅಲ್ಲಿಯೇ. ಅದು ಔಷಧಿಯನ್ನು ನಿಧಾನವಾಗಿ ಬಿಟ್ಟುಕೊಡುವಂತೆ ತಯಾರಿಸಿದ ಮಾತ್ರೆ. ಅರೆಯಬಾರದೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ಏರಿಳಿತದ ಅಪಾಯ

ಮೆದುಳಿನ ನರಕೋಶಗಳು ವಿದ್ಯುತ್ ಸಂಕೇತಗಳ ಮೂಲಕ ಕೆಲಸ ಮಾಡುತ್ತವೆ. ಕೋಶದ ಗೋಡೆಯಲ್ಲಿರುವ ಸೂಕ್ಷ್ಮ ಬಾಗಿಲುಗಳ ಮೂಲಕ ಸೋಡಿಯಂ ಒಳನುಗ್ಗಿದಾಗ ಈ ಸಂಕೇತ ಹುಟ್ಟುತ್ತದೆ. ಬಹಳಷ್ಟು ಕೋಶಗಳು ಏಕಕಾಲಕ್ಕೆ ಹತೋಟಿ ಮೀರಿ ಸಂಕೇತ ಹೊರಡಿಸಿದರೆ ಅದೇ ಫಿಟ್ಸ್. 1953ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಗೈಗಿ ಕಂಪನಿಯಲ್ಲಿ ವಾಲ್ಟರ್ ಷಿಂಡ್ಲರ್ ತಯಾರಿಸಿದ ಕಾರ್ಬಮಜಪೀನ್ ಈ ಬಾಗಿಲುಗಳನ್ನು ಹದ್ದುಬಸ್ತಿನಲ್ಲಿಡುತ್ತದೆ.

ರಕ್ತದ ಪ್ರತಿ ಮಿಲಿಲೀಟರಿಗೆ 4ರಿಂದ 12 ಮೈಕ್ರೊಗ್ರಾಂ, ಇದು ಈ ಔಷಧಿಯ ಸಾಮಾನ್ಯ ಮಿತಿ. ಮಟ್ಟ ಏರಿದರೆ ತಲೆಸುತ್ತು, ಮಂಪರು, ಎರಡೆರಡು ಕಾಣುವುದು. ಇಳಿದರೆ ಫಿಟ್ಸ್. ಮಕ್ಕಳ ದೇಹ ದೊಡ್ಡವರಿಗಿಂತ ಬೇಗ ಔಷಧಿಯನ್ನು ಹೊರಹಾಕುವುದರಿಂದ ಅವರಲ್ಲಿ ಈ ಏರಿಳಿತ ಹೆಚ್ಚು. ಅರೆದ ಮಾತ್ರೆ ಆ ಹುಡುಗನಿಗೆ ಒಂದೇ ರಾತ್ರಿಯಲ್ಲಿ ಎರಡೂ ತುದಿಗಳನ್ನು ತೋರಿಸುತ್ತಿತ್ತು.

ಬಿಲ್ ಪುಸ್ತಕದ ಪಾಠ

ಕಾರ್ಬನ್ ಹಾಳೆ ಇಡದೆಯೇ ಕೆಳಗಿನ ಹಾಳೆಯಲ್ಲಿ ಪ್ರತಿ ಮೂಡುವ ಬಿಲ್ ಪುಸ್ತಕವನ್ನು ನೀವು ಅಂಗಡಿಗಳಲ್ಲಿ ನೋಡಿರಬಹುದು. 1950ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯಲ್ಲಿ ಬ್ಯಾರೆಟ್ ಗ್ರೀನ್ ಮತ್ತು ಅವರ ಸಂಗಡಿಗರು ಬಣ್ಣದ ಹನಿಗಳಿಗೆ ಜಿಲಾಟಿನ್ನಿನ ತೆಳು ಕವಚ ತೊಡಿಸಿ ಕಾಗದಕ್ಕೆ ಲೇಪಿಸಿದರು. ಪೆನ್ನಿನ ಮೊನೆ ಒತ್ತಿದಲ್ಲಿ ಕವಚ ಒಡೆದು ಅಕ್ಷರ ಮೂಡುತ್ತಿತ್ತು. ಇದೇ ಮೈಕ್ರೊಎನ್‌ಕ್ಯಾಪ್ಸುಲೇಷನ್, ಅಂದರೆ ಕಣಕಣಕ್ಕೂ ಕವಚ ತೊಡಿಸುವ ವಿದ್ಯೆ.

ಔಷಧಿ ತಯಾರಕರೂ ಈ ವಿದ್ಯೆಯನ್ನು ಬಳಸಿಕೊಂಡರು. ಕಾರ್ಬಮಜಪೀನಿನ ಒಂದು ಬಗೆಯ ಕ್ಯಾಪ್ಸೂಲಿನಲ್ಲಿ ಮೂರು ಜಾತಿಯ ಕಣಗಳಿವೆ: ಕೂಡಲೇ ಕರಗುವವು, ನಿಧಾನವಾಗಿ ಔಷಧಿ ಬಿಡುವವು, ಜಠರ ದಾಟಿದ ಮೇಲಷ್ಟೇ ಕರಗುವವು. ಅದನ್ನು ತೆರೆದು ಮೆತ್ತನೆಯ ಆಹಾರದ ಮೇಲೆ ಉದುರಿಸಿ ಕೊಡಬಹುದು. ಆದರೆ ಕಣಗಳನ್ನು ಅಗಿಯಬಾರದು. ಬಿಲ್ ಪುಸ್ತಕದಲ್ಲಿ ಕವಚ ಒಡೆಯಲೇಬೇಕು, ಔಷಧಿಯಲ್ಲಿ ಒಡೆಯಲೇಬಾರದು. ವ್ಯತ್ಯಾಸ ಇಷ್ಟೇ!

ಹೃದಯಕ್ಕೇನು ಸಂಬಂಧ?

ಸೋಡಿಯಂ ಬಾಗಿಲುಗಳು ಹೃದಯದಲ್ಲೂ ಇವೆ. ಅದರ ಬಡಿತದ ವಿದ್ಯುತ್ ಹರಿಯುವುದೂ ಇವುಗಳಿಂದಲೇ. ಕಾರ್ಬಮಜಪೀನ್ ಈ ಹರಿವನ್ನು ನಿಧಾನಗೊಳಿಸಬಲ್ಲದು. ಹೀಗಾದದ್ದು ಹೆಚ್ಚಾಗಿ ವಯಸ್ಸಾದವರಲ್ಲಿ. ಆರೋಗ್ಯವಂತ ಹೃದಯದ ಮಕ್ಕಳಲ್ಲಿ ಇದು ವಿರಳ. ಆದ್ದರಿಂದ ತಂದೆತಾಯಿಗಳು ಗಾಬರಿಪಡಬೇಕಿಲ್ಲ. ಆದರೆ ‘ಹಾರ್ಟ್ ಬ್ಲಾಕ್’ ಎಂಬ ಬಡಿತದ ದೋಷವಿರುವವರಿಗೆ ಈ ಔಷಧಿ ಕೊಡುವಂತಿಲ್ಲ.

ಇನ್ನು ಫಿಟ್ಸ್ ಬಂದಾಗ ಸಾಮಾನ್ಯವಾಗಿ ಎದೆಬಡಿತ ವೇಗವಾಗಿ ಏರುತ್ತದೆ. ಅಪರೂಪಕ್ಕೆ ಕೆಲ ಕ್ಷಣ ನಿಂತೂ ಬಿಡುತ್ತದೆ. ಔಷಧಿಯ ಮಟ್ಟ ಸಮನಾಗಿದ್ದು ಫಿಟ್ಸ್ ಹತೋಟಿಯಲ್ಲಿದ್ದರೆ ಮೆದುಳಿನ ಜೊತೆಗೆ ಹೃದಯಕ್ಕೂ ಕ್ಷೇಮ.

ಕೆಲವು ‘ಫಿಟ್ಸ್’ ಹೃದಯದಿಂದಲೇ ಆರಂಭವಾಗುತ್ತವೆ. 1957ರಲ್ಲಿ ನಾರ್ವೆಯ ವೈದ್ಯರಾದ ಯರ್ವೆಲ್ ಮತ್ತು ಲಾಂಗೆ-ನೀಲ್ಸನ್ ಒಂದು ಕುಟುಂಬದ ಕಥೆಯನ್ನು ವರದಿ ಮಾಡಿದರು. ಆರು ಮಕ್ಕಳಲ್ಲಿ ನಾಲ್ವರು ಹುಟ್ಟು ಕಿವುಡರು. ನಾಲ್ವರಿಗೂ ಆಗಾಗ ಪ್ರಜ್ಞೆ ತಪ್ಪುತ್ತಿತ್ತು. ಅವರಲ್ಲಿ ಮೂವರು ಹಠಾತ್ತನೆ ಸತ್ತರು. ಇ.ಸಿ.ಜಿ.ಯಲ್ಲಿ ‘ಕ್ಯೂ-ಟಿ’ ಎಂಬ ಅಂತರ ಉದ್ದವಾಗಿತ್ತು. ಬಡಿತ ತಾಳ ತಪ್ಪಿ, ಮೆದುಳಿಗೆ ರಕ್ತ ಹೋಗದೆ ಮಗು ಬಿದ್ದು ಕೈಕಾಲು ಜಗ್ಗಿದರೆ ನೋಡುವವರಿಗೆ ಅದು ಮೂರ್ಛೆರೋಗದಂತೆಯೇ ಕಾಣುತ್ತದೆ. ಈ ಕಿವುಡಿನ ಬಗೆ ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಕಾಣಿಸಿಕೊಳ್ಳುತ್ತದೆ. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದಲ್ಲೇ ಮದುವೆಯಾಗುವ ನಮ್ಮ ಮನೆಗಳು ಇದನ್ನು ನೆನಪಿಡಬೇಕು. ಸಕಾಲದಲ್ಲಿ ಗುರುತಿಸಿದರೆ ಇದಕ್ಕೆ ಔಷಧಿಯಿದೆ.

ನೀವು ಮಾಡಬೇಕಾದದ್ದು

* ಮಾತ್ರೆಯ ಪಟ್ಟಿಯ ಮೇಲೆ ‘ಸಿ.ಆರ್.’, ‘ಎಸ್.ಆರ್.’, ‘ಕ್ರೋನೊ’ ಎಂದಿದ್ದರೆ ಅರೆಯಬೇಡಿ, ಅಗಿಯಲು ಬಿಡಬೇಡಿ. ಅರ್ಧ ಮಾಡಬಹುದೇ ಎಂದು ವೈದ್ಯರನ್ನು ಕೇಳಿ.
* ಮಗು ನುಂಗದಿದ್ದರೆ ಹೇಳಿ. ಸಿರಪ್ ಮುಂತಾದ ಬೇರೆ ದಾರಿಗಳಿವೆ. ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ.
* ಮೊದಲ ಫಿಟ್ಸ್ ನಂತರ ಒಂದು ಇ.ಸಿ.ಜಿ. ಮಾಡಿಸಿ. ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಓಡುವಾಗ, ಈಜುವಾಗ, ಬೆಚ್ಚಿದಾಗ ಮಗು ಬಿದ್ದಿದ್ದರೆ, ಕಿವುಡಿದ್ದರೆ ಅಥವಾ ಮನೆಯಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತನೆ ಸತ್ತಿದ್ದರೆ ಇದು ಕಡ್ಡಾಯ.
* ಗಂಟಲು ನೋವಿಗೆ ಕೊಡುವ ಎರಿತ್ರೊಮೈಸಿನ್ ಕಾರ್ಬಮಜಪೀನಿನ ಮಟ್ಟವನ್ನು ಏರಿಸುತ್ತದೆ. ಕ್ಯೂ-ಟಿಯನ್ನೂ ಉದ್ದ ಮಾಡಬಲ್ಲದು. ಯಾವ ವೈದ್ಯರ ಬಳಿ ಹೋದರೂ ಮಗುವಿನ ಮಾತ್ರೆಯ ಹೆಸರು ಹೇಳಿ.
* ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು ವ್ಯರ್ಥ. ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ. 5 ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ.

ಆ ಹುಡುಗನ ಇ.ಸಿ.ಜಿ. ಸರಿಯಾಗಿಯೇ ಇತ್ತು. ತಜ್ಞರ ಸಲಹೆಯಂತೆ ಮಾತ್ರೆಯನ್ನು ಗೆರೆಯ ಮೇಲೆ ಎರಡು ತುಂಡು ಮಾಡಿ, ಕಿವುಚಿದ ಬಾಳೆಹಣ್ಣಿನೊಂದಿಗೆ ಅಗಿಯದೆ ನುಂಗುವುದನ್ನು ಅವನು ಒಂದೇ ವಾರದಲ್ಲಿ ಕಲಿತ. ಮಾತ್ರೆ ಅದೇ, ಪ್ರಮಾಣವೂ ಅದೇ. ಬೆಳಗಿನ ಜಾವದ ಫಿಟ್ಸ್ ನಿಂತಿತು. ಆ ತಾಯಿಯ ಆರೈಕೆಯಲ್ಲಿ ಎಂದೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ನಾವು ವೈದ್ಯರು ಹೇಳಬೇಕಿದ್ದ ಒಂದು ಮಾತಿನದು.