ಸುಕ್ಕು ನಿವಾರಕ ಕ್ರೀಮ್

ಸುಕ್ಕು ನಿವಾರಕ ಕ್ರೀಮ್ ಎಂಬುದು ಚರ್ಮದ, ಮುಖ್ಯವಾಗಿ ಮುಖದ, ಸುಕ್ಕುಗಳನ್ನು ಕಡಿಮೆ ಮಾಡುವ ಉದ್ದೇಶದಿಂದ ಹಚ್ಚಿಕೊಳ್ಳುವ ಲೇಪನ. ವೈದ್ಯರ ಚೀಟಿಯಿಲ್ಲದೆ ಔಷಧಿ ಅಂಗಡಿಗಳಲ್ಲಿಯೂ ಕಿರಾಣಿ ಅಂಗಡಿಗಳಲ್ಲಿಯೂ ದೊರೆಯುವ ಇಂತಹ ಕ್ರೀಮ್‌ಗಳು ಸಣ್ಣ ಗೆರೆಗಳನ್ನು ಸ್ವಲ್ಪಮಟ್ಟಿಗೆ ತಗ್ಗಿಸಬಲ್ಲವು. ಆಳವಾದ ಸುಕ್ಕುಗಳನ್ನು ಅಳಿಸುವ ಶಕ್ತಿ ಅವುಗಳಿಗಿಲ್ಲ. ಕನ್ನಡದಲ್ಲಿ ಸುಕ್ಕಿಗೆ ನೆರಿಗೆ, ವಲಿ ಎಂಬ ಪದಗಳೂ ಇವೆ. ಹಳೆಯ ಸಾಹಿತ್ಯದಲ್ಲಿ ‘ತೆರೆ’ ಎಂಬ ಪದವು ಇದೇ ಅರ್ಥದಲ್ಲಿ ಬಳಕೆಯಾಗಿದೆ.

ಸುಕ್ಕು ಮೂಡುವ ಬಗೆ

ಚರ್ಮದ ಒಳಪದರದಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನು ಚರ್ಮಕ್ಕೆ ಬಿಗಿಯನ್ನೂ, ಎಲಾಸ್ಟಿನ್ ಎಂಬುದು ಹಿಗ್ಗಿ ಕುಗ್ಗುವ ಗುಣವನ್ನೂ ನೀಡುತ್ತವೆ. ವಯಸ್ಸಾದಂತೆ ಇವುಗಳ ಉತ್ಪಾದನೆ ತಗ್ಗುತ್ತದೆ. ಇದು ಸಹಜ ಮುಪ್ಪು. ಇದಕ್ಕಿಂತ ಹೆಚ್ಚಿನ ಹಾನಿಯನ್ನು ಬಿಸಿಲಿನ ನೇರಳಾತೀತ ಕಿರಣಗಳು ಉಂಟುಮಾಡುತ್ತವೆ. ಅವುಗಳಲ್ಲಿ ‘ಎ’ ವರ್ಗದ ಕಿರಣಗಳು ಗಾಜನ್ನೂ ದಾಟಿ ಚರ್ಮದ ಒಳಪದರವನ್ನು ತಲುಪುತ್ತವೆ. 28 ವರ್ಷ ಲಾರಿ ಓಡಿಸಿದ 69 ವರ್ಷದ ಅಮೆರಿಕದ ಚಾಲಕನೊಬ್ಬನ ಚಿತ್ರವನ್ನು 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದು ಪ್ರಕಟಿಸಿತು. ಕಿಟಕಿಯ ಕಡೆಗಿದ್ದ ಅವನ ಎಡಗೆನ್ನೆ ಬಲಗೆನ್ನೆಗಿಂತ ಬಹಳ ಹೆಚ್ಚು ಸುಕ್ಕುಗಟ್ಟಿತ್ತು. ಭಾರತದಲ್ಲಿ ಚಾಲಕನ ಆಸನ ಬಲಕ್ಕಿರುವುದರಿಂದ ಬಿಸಿಲು ಬೀಳುವುದು ಬಲಗೆನ್ನೆಯ ಮೇಲೆ. ಧೂಮಪಾನವೂ ಸುಕ್ಕನ್ನು ಬೇಗ ತರುತ್ತದೆ.

ಕಂದು ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯವು ಒಂದಿಷ್ಟು ರಕ್ಷಣೆ ನೀಡುವುದರಿಂದ ಭಾರತೀಯರಲ್ಲಿ ಸುಕ್ಕುಗಳು ಬಿಳಿಯ ಚರ್ಮದವರಿಗಿಂತ ತಡವಾಗಿ ಕಾಣಿಸಿಕೊಳ್ಳುತ್ತವೆ. ಇವರಲ್ಲಿ ಬಿಸಿಲಿನ ಹಾನಿ ಕಪ್ಪು ಕಲೆಗಳ ರೂಪದಲ್ಲಿ ಮೊದಲು ತೋರುವುದು ಸಾಮಾನ್ಯ.

ಮುಖ್ಯ ಘಟಕಗಳು

ತೇವಕಾರಕಗಳು: ಗ್ಲಿಸರಿನ್, ಹಯಲುರಾನಿಕ್ ಆಮ್ಲ ಮುಂತಾದವು ಚರ್ಮದ ಹೊರಪದರದಲ್ಲಿ ನೀರನ್ನು ಹಿಡಿದಿಡುತ್ತವೆ. ಒಣಗಿದ ಪದರ ಉಬ್ಬಿಕೊಂಡು ಸಣ್ಣ ಗೆರೆಗಳು ಮರೆಯಾದಂತೆ ಕಾಣುತ್ತವೆ. ಹಚ್ಚಿದ ಕೆಲವೇ ಗಂಟೆಗಳಲ್ಲಿ ಗುಣ ಕಾಣಲು ಇದೇ ಕಾರಣ. ಹಚ್ಚುವುದನ್ನು ನಿಲ್ಲಿಸಿದರೆ ಚರ್ಮ ಮೊದಲಿನಂತಾಗುತ್ತದೆ. ಈ ಮಟ್ಟಿಗೆ ಅಗ್ಗದ ತೇವಕಾರಕವೂ ದುಬಾರಿ ಕ್ರೀಮೂ ಒಂದೇ ಬಗೆಯಲ್ಲಿ ಕೆಲಸ ಮಾಡುತ್ತವೆ.

ರೆಟಿನಾಯ್ಡ್‌ಗಳು: ಇವು ‘ಎ’ ಜೀವಸತ್ವದ ಬಂಧುಗಳು. ಸುಕ್ಕಿನ ಮೇಲೆ ಅತ್ಯಂತ ದೃಢವಾದ ಪುರಾವೆ ಇರುವುದು ಟ್ರೆಟಿನಾಯಿನ್‌ಗೆ. ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು 1986ರಲ್ಲಿ ಇದರ ಗುಣವನ್ನು ವರದಿ ಮಾಡಿದರು. ಆದರೆ ಇದು ಔಷಧ. ವೈದ್ಯರ ಸಲಹೆಯ ಮೇರೆಗೆ ಬಳಸಬೇಕಾದುದು. ಸೌಂದರ್ಯವರ್ಧಕಗಳಲ್ಲಿ ಇರುವುದು ರೆಟಿನಾಲ್. ಅದು ಚರ್ಮದೊಳಗೆ ಎರಡು ಹಂತಗಳಲ್ಲಿ ಮಾರ್ಪಟ್ಟ ಮೇಲಷ್ಟೇ ಕ್ರಿಯಾಶೀಲವಾಗುವುದರಿಂದ ಅದರ ಪರಿಣಾಮ ಸೌಮ್ಯವಾದುದು. ಆರಂಭದಲ್ಲಿ ಉರಿ, ಸಿಪ್ಪೆ ಏಳುವಿಕೆ ಉಂಟಾಗಬಹುದು. ಕಂದು ಚರ್ಮದಲ್ಲಿ ಆ ಉರಿ ಆರಿದ ಮೇಲೂ ಕಪ್ಪು ಕಲೆ ಉಳಿಯುವ ಸಂಭವವಿದೆ. ಗರ್ಭಿಣಿಯರು ರೆಟಿನಾಯ್ಡ್‌ಗಳನ್ನು ಬಳಸಬಾರದೆಂದು ವೈದ್ಯರು ಸೂಚಿಸುತ್ತಾರೆ. ಐರೋಪ್ಯ ಒಕ್ಕೂಟವು 2024ರ ನಿಯಮದಲ್ಲಿ ಮುಖದ ಕ್ರೀಮ್‌ಗಳಲ್ಲಿ ರೆಟಿನಾಲ್ ಪ್ರಮಾಣಕ್ಕೆ ಶೇ. 0.3ರ ಮಿತಿ ಹಾಕಿದೆ.

ಇತರ ಘಟಕಗಳು: ನಯಾಸಿನಮೈಡ್ ಮತ್ತು ‘ಸಿ’ ಜೀವಸತ್ವಕ್ಕೆ ಸಣ್ಣ ಪ್ರಮಾಣದ ಅಧ್ಯಯನಗಳ ಬೆಂಬಲವಿದೆ. ‘ಸಿ’ ಜೀವಸತ್ವ ಗಾಳಿ ಬೆಳಕು ತಾಗಿದರೆ ಬೇಗ ಕೆಡುತ್ತದೆ. ಗ್ಲೈಕಾಲಿಕ್ ಆಮ್ಲವು ಮೇಲಿನ ಸತ್ತ ಪದರವನ್ನು ಕಳಚಿ ಚರ್ಮವನ್ನು ನಯಗೊಳಿಸುತ್ತದೆ. ಜೊತೆಗೆ ಬಿಸಿಲಿಗೆ ಸುಲಭವಾಗಿ ತುತ್ತಾಗುವಂತೆಯೂ ಮಾಡುತ್ತದೆ.

ಕೊಲಾಜೆನ್: ಕೊಲಾಜೆನ್ ಬೆರೆಸಿದ ಕ್ರೀಮ್ ಚರ್ಮದ ಕೊಲಾಜೆನ್ನನ್ನು ತುಂಬಿಕೊಡುತ್ತದೆ ಎಂಬುದು ತಪ್ಪು ತಿಳಿವಳಿಕೆ. ಸಾಮಾನ್ಯವಾಗಿ 500 ಡಾಲ್ಟನ್‌ಗಿಂತ ಭಾರವಾದ ಅಣುಗಳು ಆರೋಗ್ಯವಂತ ಚರ್ಮದ ಹೊರಪದರವನ್ನು ದಾಟಲಾರವು. ಕೊಲಾಜೆನ್ ಅಣುವಿನ ತೂಕ ಸುಮಾರು 3,00,000 ಡಾಲ್ಟನ್. ಅದು ಹೊರಗೇ ಉಳಿದು ತೇವಕಾರಕದ ಕೆಲಸವನ್ನಷ್ಟೇ ಮಾಡುತ್ತದೆ.

ಪ್ರಯೋಗಗಳ ಫಲಿತಾಂಶ

ಅಂಗಡಿಯಲ್ಲಿ ಮಾರುವ ಕ್ರೀಮೊಂದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದ ಅಪರೂಪದ ಪ್ರಯೋಗ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ನಡೆದು 2009ರಲ್ಲಿ ಪ್ರಕಟವಾಯಿತು. 60 ಜನರಲ್ಲಿ ಅರ್ಧದಷ್ಟು ಜನರಿಗೆ ಕ್ರೀಮನ್ನೂ ಉಳಿದವರಿಗೆ ಸಕ್ರಿಯ ಘಟಕಗಳಿಲ್ಲದ ಲೇಪನವನ್ನೂ ನೀಡಲಾಯಿತು. ಆರು ತಿಂಗಳ ನಂತರ ಮೊದಲ ಗುಂಪಿನಲ್ಲಿ ಶೇ. 43, ಎರಡನೆಯದರಲ್ಲಿ ಶೇ. 22 ಜನರಿಗೆ ಗುಣ ಕಂಡಿತು. ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ: ಬರಿಯ ಲೇಪನದಿಂದಲೂ ಐವರಲ್ಲಿ ಒಬ್ಬರಿಗೆ ಸುಧಾರಣೆ ಕಾಣುತ್ತದೆ, ಕ್ರೀಮ್ ಹಚ್ಚಿದವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಅಷ್ಟು ಕಾಲದಲ್ಲಿ ಗುಣ ಕಾಣಲಿಲ್ಲ.

ಸುಕ್ಕು ಬಾರದಂತೆ ತಡೆಯುವಲ್ಲಿ ಬಿಸಿಲುರಕ್ಷಕ ಲೇಪನಕ್ಕೆ ಹೆಚ್ಚು ಬಲವಾದ ಆಧಾರವಿದೆ. ಆಸ್ಟ್ರೇಲಿಯಾದ ನಂಬೂರ್ ಪಟ್ಟಣದಲ್ಲಿ 55 ವರ್ಷದೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಲಾಯಿತು. ಇಷ್ಟಬಂದಾಗ ಬಳಸಿದವರಿಗೆ ಹೋಲಿಸಿದರೆ ದಿನವೂ ಬಳಸಿದವರಲ್ಲಿ ಚರ್ಮದ ಮುಪ್ಪು ಶೇ. 24ರಷ್ಟು ಕಡಿಮೆಯಿತ್ತು ಎಂದು 2013ರಲ್ಲಿ ಪ್ರಕಟವಾದ ವರದಿ ತಿಳಿಸಿತು.

ಕಾನೂನು

ಭಾರತದಲ್ಲಿ ಈ ಕ್ರೀಮ್‌ಗಳು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆಗೂ 2020ರ ಸೌಂದರ್ಯವರ್ಧಕ ನಿಯಮಗಳಿಗೂ ಒಳಪಡುತ್ತವೆ. ಬಳಕೆದಾರರನ್ನು ದಾರಿತಪ್ಪಿಸುವ ಹೇಳಿಕೆಗಳಿಗೆ ಈ ನಿಯಮಗಳು ಅವಕಾಶ ಕೊಡುವುದಿಲ್ಲ. ಆದರೆ ‘ಯೌವನದ ಕಾಂತಿ’ಯಂತಹ ಮಾತುಗಳನ್ನು ಅಳೆದು ಸುಳ್ಳೆಂದು ತೋರಿಸುವುದು ಕಷ್ಟ.

ಸ್ಟಿರಾಯ್ಡ್ ಲೇಪನಗಳ ಅಪಾಯ

ಸುಕ್ಕು ನಿವಾರಕ ಕ್ರೀಮ್‌ಗಳಿಂದಾಗುವ ನಷ್ಟ ಹೆಚ್ಚಾಗಿ ಹಣದ್ದು. ಅವುಗಳ ಬದಲಿಗೆ ಅಂಗಡಿಯವರ ಅಥವಾ ನೆರೆಹೊರೆಯವರ ಮಾತು ಕೇಳಿ ಹಚ್ಚುವ ಸ್ಟಿರಾಯ್ಡ್ ಲೇಪನಗಳಿಂದಾಗುವ ನಷ್ಟ ಚರ್ಮದ್ದು. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಬೆರೆತ ಲೇಪನಗಳು ಮೊದಮೊದಲು ಮುಖವನ್ನು ತಿಳಿಯಾಗಿ, ನಯವಾಗಿ ಕಾಣಿಸುತ್ತವೆ. ತಿಂಗಳುಗಟ್ಟಲೆ ಬಳಸಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಮತ್ತು ಅನಗತ್ಯ ಕೂದಲು ಬೆಳೆಯುತ್ತವೆ. ನಿಲ್ಲಿಸಿದಾಗ ಮುಖ ಕೆಂಪಾಗಿ ಉರಿಯುವುದರಿಂದ ಬಳಸಿದವರು ಮತ್ತೆ ಅದನ್ನೇ ಹಚ್ಚತೊಡಗುತ್ತಾರೆ. ಚರ್ಮತಜ್ಞರ ಸಂಘಟನೆಯ ಒತ್ತಾಯದ ತರುವಾಯ ಕೇಂದ್ರ ಸರ್ಕಾರವು 2018ರ ಮಾರ್ಚ್‌ನಲ್ಲಿ 14 ಬಗೆಯ ಸ್ಟಿರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿತು.

ಹೊಸಪೇಟೆ–ಹಂಪಿ ಪ್ರದೇಶದಲ್ಲಿ

ವಿಜಯನಗರ ಜಿಲ್ಲೆಯ ಹೊಸಪೇಟೆ, ಕಡ್ಡಿರಾಂಪುರ, ಹಂಪಿ ಮತ್ತು ನೆರೆಯ ಬಳ್ಳಾರಿ ಜಿಲ್ಲೆಯ ಕಂಪ್ಲಿ, ಸಂಡೂರು ಪ್ರದೇಶಗಳು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಇಲ್ಲಿ ಮೇ ತಿಂಗಳ ಆರಂಭದಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಭತ್ತದ ಗದ್ದೆ, ಬಾಳೆ ಮತ್ತು ಕಬ್ಬಿನ ತೋಟಗಳ ಕೂಲಿಕಾರರು, ಗಣಿಯ ಲಾರಿ ಚಾಲಕರು, ಹಂಪಿಯ ಮಾರ್ಗದರ್ಶಿಗಳು ದಿನವಿಡೀ ಬಿಸಿಲಿನಲ್ಲಿರುವವರು. ದಿನಗೂಲಿಯ ಹಲವು ಪಾಲಿನಷ್ಟು ಬೆಲೆಯ ಕ್ರೀಮಿನಿಂದ ಇಂತಹವರಿಗೆ ದೊರೆಯುವ ಪ್ರಯೋಜನ ಅಲ್ಪ. ಹೊರಗಿನ ಬಿಸಿಲು ತಡೆಯದಿದ್ದರೆ ಕ್ರೀಮ್ ಮಾಡಿದ ಸುಧಾರಣೆಯೂ ನಿಲ್ಲುವುದಿಲ್ಲ. ನಾಟಿ ಮಾಡುವ ಹೆಂಗಸರು ತಲೆಯ ಮೇಲೆ ಮುಂದಕ್ಕೆಳೆದುಕೊಳ್ಳುವ ಸೆರಗು, ತಲೆಗೆ ಸುತ್ತುವ ಟವೆಲ್, ಕೊಡೆ, ತುಂಬುತೋಳಿನ ಅಂಗಿ ಇವು ನೇರಳಾತೀತ ಕಿರಣಗಳನ್ನು ತಡೆಯುವ ಅಗ್ಗದ ಸಾಧನಗಳು. ಬಿಸಿಲುರಕ್ಷಕ ಹಚ್ಚುವವರು ಬೆವರಿನಲ್ಲಿ ಅದು ತೊಳೆದುಹೋಗುವುದರಿಂದ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ.

ಮನೆಮದ್ದುಗಳು

ಆಯುರ್ವೇದದ ಚರಕಸಂಹಿತೆಯಲ್ಲಿ ಮುಪ್ಪನ್ನು ಮುಂದೂಡುವ ‘ವಯಃಸ್ಥಾಪನ’ ಎಂಬ ದ್ರವ್ಯಗಳ ಗುಂಪಿದೆ. ಮನೆಗಳಲ್ಲಿ ಕೊಬ್ಬರಿ ಎಣ್ಣೆ, ಹಾಲಿನ ಕೆನೆ, ಕಡಲೆಹಿಟ್ಟು, ಅರಿಸಿನಗಳನ್ನು ಹಚ್ಚುವ ರೂಢಿಯಿದೆ. ಎಣ್ಣೆ ಮತ್ತು ಕೆನೆ ಚರ್ಮದ ತೇವ ಆರದಂತೆ ತಡೆದು ಸಣ್ಣ ಗೆರೆಗಳನ್ನು ತಾತ್ಕಾಲಿಕವಾಗಿ ಮರೆಸುತ್ತವೆ. ನಿಂಬೆರಸವನ್ನು ನೇರವಾಗಿ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆಗಳಾಗುವುದುಂಟು.