ಜಾಲತಾಣಕ್ಕೆ ಬರುವ ಹೆಸರುಗಳನ್ನು ನಂಬಬಹುದೇ?

ಡೀಲರುಗಳಿಂದ ಪರ್ಚೇಸ್ ಆರ್ಡರ್, ಬಿಲ್ಲು ಮೊದಲಾದವುಗಳನ್ನು ಜಾಲತಾಣದ ಮೂಲಕವೇ ಪಡೆಯುವ ಪದ್ಧತಿ ಸಣ್ಣ ಉದ್ದಿಮೆಗಳಲ್ಲಿಯೂ ರೂಢಿಗೆ ಬಂದಿದೆ. ಕಡತದೊಳಗಿನ ಅಂಕಿ-ಅಂಶಗಳನ್ನು ನಾವು ಪರಿಶೀಲಿಸುತ್ತೇವೆ. ಆದರೆ ಕಡತದ ಹೆಸರೇ ಅಪಾಯಕಾರಿಯಾಗಬಲ್ಲದೆಂಬುದು ಅನೇಕರ ಗಮನಕ್ಕೆ ಬಂದಿಲ್ಲ.

ಹೆಸರಿನಲ್ಲಿ ಎರಡು ಚುಕ್ಕಿ ಹಾಗೂ ಒಂದು ಓರೆಗೆರೆ (../) ಇದ್ದಲ್ಲಿ, ಕಂಪ್ಯೂಟರು ಅದನ್ನು 'ಒಂದು ಫೋಲ್ಡರ್ ಮೇಲಕ್ಕೆ ಹೋಗು' ಎಂದು ಅರ್ಥೈಸುತ್ತದೆ. ತಂತ್ರಾಂಶವು ಆ ಹೆಸರನ್ನು ಹಾಗೆಯೇ ಬಳಸಿದರೆ, ಬಂದ ಕಡತವು ಬಿಲ್ಲುಗಳ ಫೋಲ್ಡರನ್ನು ಬಿಟ್ಟು ಬೇರೆಡೆ ಹೋಗಿ, ಅಲ್ಲಿರುವ ಮುಖ್ಯ ಕಡತವನ್ನು ಅಳಿಸಿ ಅದರ ಸ್ಥಾನವನ್ನು ಆಕ್ರಮಿಸಬಹುದು. ಹೆಸರಿನ ಕೊನೆಯಲ್ಲಿ 'ಪಿಎಚ್‌ಪಿ' ಎಂದಿದ್ದರೆ, ಸರ್ವರು ಅದನ್ನು ಪ್ರೋಗ್ರಾಮೆಂದು ಚಲಾಯಿಸುವ ಸಂಭವವೂ ಉಂಟು.

ಕೆಟ್ಟ ಚಿಹ್ನೆಗಳನ್ನು ತೆಗೆದುಹಾಕಿದರೆ ಸಾಕೆಂಬುದು ತಪ್ಪು ತಿಳಿವಳಿಕೆ. '....//' ಎಂಬುದರ ನಡುವಿನಿಂದ '../' ಅನ್ನು ಒಮ್ಮೆ ತೆಗೆದರೆ, ಉಳಿಯುವುದು ಮತ್ತೆ '../' ತಾನೆ!

ಪರಿಹಾರವು ನಮ್ಮ ಲೆಕ್ಕಪತ್ರ ಪದ್ಧತಿಯಲ್ಲಿಯೇ ಇದೆ. ಪಾರ್ಟಿಯ ಬಿಲ್ ನಂಬರ್ ಏನೇ ಇರಲಿ, ನಾವು ನಮ್ಮದೇ ಇನ್‌ವರ್ಡ್ ನಂಬರ್ ಕೊಡುತ್ತೇವೆ. ಅಂತೆಯೇ:

1. ಕಡತವನ್ನು ತಂತ್ರಾಂಶವೇ ಸೃಷ್ಟಿಸಿದ ಹೆಸರಿನಲ್ಲಿ ಉಳಿಸಬೇಕು. ಮೂಲ ಹೆಸರು ದಾಖಲೆಯಲ್ಲಿ ಮಾತ್ರ ಇರಬೇಕು.

2. ಪಿಡಿಎಫ್, ಜೆಪಿಜಿ ಮುಂತಾಗಿ ಅನುಮತಿಸಿದ ಬಗೆಗಳನ್ನಷ್ಟೇ ಸ್ವೀಕರಿಸಿ, ಒಳಗಿನ ವಿಷಯವೂ ಅದೇ ಬಗೆಯದೇ ಎಂದು ಪರೀಕ್ಷಿಸಬೇಕು.

3. ಜಾಲತಾಣದಿಂದ ನೇರವಾಗಿ ತೆರೆಯಲಾಗದ ಫೋಲ್ಡರಿನಲ್ಲಿ ಇಡಬೇಕು.

ಬಳಕೆದಾರರ ಹೆಸರಿನಲ್ಲಿಯೂ ಇಂತಹುದೇ ತೊಡಕಿದೆ. ಕನ್ನಡದ ಅನುಸ್ವಾರ (ಂ) ಮತ್ತು ಸೊನ್ನೆ (೦) ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. 'ಶಂಕರ' ಎಂಬ ಡೀಲರನ ಹೆಸರಿನಲ್ಲಿ ಅನುಸ್ವಾರದ ಬದಲು ಸೊನ್ನೆ ಹಾಕಿ ಇನ್ನೊಬ್ಬನು ನೋಂದಾಯಿಸಿಕೊಂಡರೆ ನಮ್ಮ ಗುಮಾಸ್ತರು ಗುರುತಿಸಲಾರರು. ಸರಕು ಅಥವಾ ಹಣ ತಪ್ಪು ವಿಳಾಸಕ್ಕೆ ಹೋದೀತು. ಸ್ಪಾಟಿಫೈ ಸಂಸ್ಥೆಯಲ್ಲಿ, ವಿಶೇಷ ಅಕ್ಷರಗಳ ಹೆಸರನ್ನು ಏಕರೂಪಗೊಳಿಸುವ ಕ್ರಮದಲ್ಲಿದ್ದ ದೋಷದಿಂದ ಒಬ್ಬರ ಖಾತೆಯನ್ನು ಇನ್ನೊಬ್ಬರು ವಶಪಡಿಸಿಕೊಳ್ಳಲು ಸಾಧ್ಯವಿದ್ದುದು 2013ರಲ್ಲಿ ಬಹಿರಂಗವಾಯಿತು. ಆದುದರಿಂದ ವ್ಯವಹಾರಕ್ಕೆ ಹೆಸರಿನ ಬದಲು ಡೀಲರ್ ಕೋಡನ್ನೇ ಆಧಾರವಾಗಿಟ್ಟುಕೊಳ್ಳುವುದು ಕ್ಷೇಮ.

ಇದು ತಂತ್ರಜ್ಞರಿಗಷ್ಟೇ ಬಿಟ್ಟ ವಿಷಯವಲ್ಲ. 2022ರ ಸರ್ಟ್-ಇನ್ ನಿರ್ದೇಶನದಂತೆ, ನಿಗದಿತ ಬಗೆಯ ಸೈಬರ್ ಘಟನೆಗಳನ್ನು ತಿಳಿದುಬಂದ 6 ಗಂಟೆಗಳೊಳಗೆ ವರದಿ ಮಾಡಬೇಕಾಗುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರಲ್ಲಿ ಸುರಕ್ಷತಾ ಲೋಪಕ್ಕೆ 250 ಕೋಟಿ ರೂ.ವರೆಗೆ ದಂಡದ ಅವಕಾಶವಿದೆ.

ತಂತ್ರಾಂಶ ತಯಾರಕರ ಅಂತಿಮ ಬಿಲ್ಲು ಪಾವತಿಸುವ ಮುನ್ನ ಮೇಲಿನ ಅಂಶಗಳ ಬಗ್ಗೆ ಲಿಖಿತ ದೃಢೀಕರಣ ಪಡೆಯುವುದು ಸೂಕ್ತ.